ಹೂಜಿ ಇಟ್ಟ ಸ್ಟೂಲು

ಮೊಮ್ಮಗಳ ಹೆರಿಗೆಗೆಂದು ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ವಾರ್ಡಿನ ಗೋಡೆ ಬದಿಗೆ ಒಂದು ಸ್ಟೂಲು, ಅದರ ಮೇಲೆ ನೀರಿನ ಕ್ಯಾನು. ಪಕ್ಕದಲ್ಲೇ ಒಬ್ಬ ನರ್ಸು ಒಂದು ಪಾದವನ್ನು ಚಪ್ಪಲಿಯಿಂದ ಬಿಡಿಸಿ, ಗೋಡೆಗೆ ಒರಗಿ ನಿಂತಿದ್ದಳು. ಫಿನೈಲಿನ ವಾಸನೆ... ಅರವತ್ತು ವರ್ಷದ ಹಿಂದಿನ ನರ್ಸಮ್ಮ ನೆನಪಾದರು.

ಅದು ಯುದ್ಧದ ಕಾಲ. ನಲ್ಲೂರಿನ ಹುಣಸೆ ತೋಪಿನಲ್ಲಿ ಕೊಂಬೆ ಬಿದ್ದು ನನ್ನ ಕಾಲು ಮುರಿದಿತ್ತು. ಹೆಂಗಸರ ವಾರ್ಡಿನಲ್ಲಿ ಮಲಗಿದ್ದೆ. ಅಲ್ಲಿಗೆಲ್ಲ ಒಬ್ಬರೇ ನರ್ಸಮ್ಮ. ಅವರು ತುಂಬಿದ ಬಸುರಿ. ಡಾಕ್ಟರು ಒಳಗಿರುವಷ್ಟು ಹೊತ್ತು ಕೆಲಸದವರು ಯಾರೂ ಕೂರಬಾರದೆಂಬುದು ಆ ಆಸ್ಪತ್ರೆಯ ಕಟ್ಟಳೆ. ಡಾಕ್ಟರು ಬೆಳಿಗ್ಗೆ ಬಂದರೆ ಹೋಗುವುದು ಸಂಜೆಗೆ. ನರ್ಸಮ್ಮನ ಪಾದ ಊದಿ ಚಪ್ಪಲಿಗೆ ಹಿಡಿಯುತ್ತಿರಲಿಲ್ಲ. ಬರಿಗಾಲಲ್ಲೇ ನಿಲ್ಲುತ್ತಿದ್ದರು.

ನನ್ನ ಸಿಟ್ಟು ಡಾಕ್ಟರ ಮೇಲಷ್ಟೇ ಅಲ್ಲ. ಒಮ್ಮೆ ನರ್ಸಮ್ಮ ನನ್ನ ಮಂಚದ ಅಂಚಿಗೆ ಕೂತದ್ದನ್ನು ಹಳೇ ಆಯಾ ನೋಡಿದಳು.

"ನಾನೂ ನಾಕು ಹೆತ್ತೋಳು ಕಣಮ್ಮ. ಎಲ್ಲಾದ್ಕೂ ನಿಂತೇ ದುಡ್ದಿದ್ದೀನಿ. ನಿನ್ನ ಕಾಲೇನು ಬೆಣ್ಣೇದಾ?"

ಕಾಂಪೌಂಡರು ನಕ್ಕರು. ನರ್ಸಮ್ಮ ಎದ್ದರು.

ಆ ವಾರವೇ ಅವರು ನನ್ನ ಮಂಚದ ಸರಳು ಹಿಡಿದುಕೊಂಡು ಕುಸಿದರು. ಸೀರೆ ಕೆಂಪಾಗಿತ್ತು. ಮಗು ಉಳಿಯಲಿಲ್ಲ. ನಿಂತದ್ದರಿಂದಲೇ ಹೋಯಿತೆಂದು ನಾನು ಹೇಳಲಾರೆ, ವೈದ್ಯ ಓದಿದವಳಲ್ಲ. ಕಂಡದ್ದು ಇಷ್ಟು: ಬಿದ್ದ ಮೇಲೆ ಮಾತ್ರ ಅವರನ್ನು ಮಲಗಲು ಬಿಟ್ಟರು.

ತಿಂಗಳ ಮೇಲೆ ಮತ್ತೆ ಕೆಲಸಕ್ಕೆ ಬಂದರು, ಮನೆಯಿಂದ ಒಂದು ಸ್ಟೂಲು ಹೊರಿಸಿಕೊಂಡು. ಡಾಕ್ಟರು ಒಳಗೆ ಬಂದಾಗ ನರ್ಸಮ್ಮ ಅದರ ಮೇಲೆ ಕೂತು ಬ್ಯಾಂಡೇಜಿನ ಬಟ್ಟೆ ಸುತ್ತುತ್ತಿದ್ದರು, ಏಳಲಿಲ್ಲ. ಮರ್ಯಾದೆ ಮರೆತೆಯಾ ಎಂದು ಡಾಕ್ಟರು ಗದರಿದರು.

"ಕೈ ಕೆಲ್ಸ ಮಾಡ್ತಾ ಇದೆಯಲ್ಲ ಸ್ವಾಮಿ. ಕಾಲಿಂದ ನಿಮಗೇನಾಗ್ಬೇಕು?"

ಅವರ ದನಿ ಏರಿರಲಿಲ್ಲ.

ಅವರನ್ನು ವರ್ಗ ಮಾಡಿದರು. ಎಲ್ಲಿಗೆಂದು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ... ಸ್ಟೂಲು ಅಲ್ಲೇ ಉಳಿಯಿತು. ಮರುದಿನ ಆಯಾ ಅದರ ಮೇಲೆ ನೀರಿನ ಹೂಜಿ ತಂದಿಟ್ಟಳು, ಇನ್ನು ಯಾರೂ ಕೂರದ ಹಾಗೆ. ನಾನು ಕುಂಟುತ್ತ ಮನೆಗೆ ಹೊರಟ ದಿನವೂ ಹೂಜಿ ಕದಲಿರಲಿಲ್ಲ. ನನ್ನ ಸಿಟ್ಟು ಇವತ್ತಿಗೂ ಆರಿಲ್ಲ. ನರ್ಸಮ್ಮ ಈಗ ಇರಲಾರರು. ಒಮ್ಮೆ ಎದುರು ಕೂತು ಮಾತಾಡಬೇಕೆಂಬ ಆಸೆ ಹಾಗೇ ಉಳಿಯಿತು.

ಮೊನ್ನೆ, ಜೊತೆಗೆ ಬಂದಿದ್ದ ಮೊಮ್ಮಗನಿಗೆ ಹೇಳಿ ಕ್ಯಾನು ಕೆಳಗಿಡಿಸಿದೆ. ಸ್ಟೂಲನ್ನು ನಾನೇ ಎಳೆದು ಆ ನರ್ಸು ಹುಡುಗಿಯ ಮುಂದಿಟ್ಟೆ.

"ಕೂತ್ಕೊಳಮ್ಮ."

"ಸರ್ ರೌಂಡ್ಸ್‌ಗೆ ಬರ್ತಾರೆ ಅಜ್ಜಿ."

ಬಾಗಿಲ ಕಡೆಯೇ ನೋಡುತ್ತ, ಬಿಡಿಸಿದ್ದ ಪಾದವನ್ನು ಅವಳು ಮತ್ತೆ ಚಪ್ಪಲಿಗೆ ತೂರಿಸಿದಳು.