ಸಾಯಲು ಬಿಡದ ಅತ್ತೆ

ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ಹುಟ್ಟಿದಾಗಿನಿಂದ ಒಂದು ಸಲವೂ ಸತ್ತಿಲ್ಲ. ಅದರಲ್ಲೇನು ಹೆಚ್ಚುಗಾರಿಕೆ ಅಂತ ಕೇಳಬೇಡಿ. ನಮ್ಮಪ್ಪ ಮೀಸೆ ಮೂಡುವ ಮೊದಲೇ ಲೆಕ್ಕವಿಲ್ಲದಷ್ಟು ಸಲ ಸತ್ತಿದ್ದರು. ಪಾಳುಬಾವಿಗೆ ಬಿದ್ದು, ವಿಷ ಕುಡಿದು, ಮೂರು ತಲೆಯ ನಾಯಿಯ ಬಾಯಿಗೆ ಸಿಕ್ಕಿ, ಎಲ್ಲ ಒಂದೇ ಪುಸ್ತಕದೊಳಗೆ.

ಅದು ಪಕ್ಕದ ಬೀದಿಯ ಗೆಳೆಯನಿಂದ ಎರವಲು ತಂದ ಆಟದ ಪುಸ್ತಕ. ಓದುವವನೇ ಅದರ ನಾಯಕ. ಎಡಗಡೆ ಬಾಗಿಲು ತೆರೆಯುವುದಾದರೆ ಈ ಪುಟಕ್ಕೆ ಹೋಗು, ಬಲಗಡೆಯದಾದರೆ ಆ ಪುಟಕ್ಕೆ ಹೋಗು ಎಂದು ಪ್ರತಿ ಪುಟದ ಕೊನೆಯಲ್ಲೂ ಬರೆದಿರುತ್ತಿತ್ತು. ದಾಳ ಉರುಳಿಸಿ ಭೂತಗಳ ಜೊತೆ ಕಾದಾಡುತ್ತಾ, ಹೇಗಾದರೂ ಗುಹೆಯನ್ನು ದಾಟಿ ಬೆಟ್ಟದ ಆಚೆ ಬದಿಗೆ ಬರಬೇಕು.

ಅತ್ತೆ ಓದುತ್ತಿದ್ದ ರೀತಿಯೇ ಬೇರೆ. ಎಡಗಡೆ ಬಾಗಿಲಿನ ಪುಟದಲ್ಲಿ ಒಂದು ಬೆರಳು, ಮೆಟ್ಟಿಲಿನ ಪುಟದಲ್ಲಿ ಇನ್ನೊಂದು, ಹೊಳೆಯ ಪುಟದಲ್ಲಿ ಮತ್ತೊಂದು ಸಿಕ್ಕಿಸಿಕೊಂಡು ಮುಂದೆ ಹೋಗುವುದು, ಸಾವು ಎದುರಾದರೆ ಏನೂ ಆಗಿಲ್ಲವೆಂಬಂತೆ ಹಿಂದಕ್ಕೆ ಬರುವುದು. ಬೆರಳು ಸಾಲದೆ ಹೋದಾಗ ಮೂಗನ್ನೂ ಪುಟದ ನಡುವೆ ತೂರಿಸಿಕೊಂಡಿದ್ದಳಂತೆ. ಅಪ್ಪ ಮಾತ್ರ ನಿಯಮದ ಮನುಷ್ಯ. ಪೆಟ್ಟು ಬಿದ್ದರೆ ಪೆನ್ಸಿಲ್ ಹಿಡಿದು ತಮ್ಮ ಶಕ್ತಿಯನ್ನು ತಾವೇ ಕಳೆಯುತ್ತಿದ್ದರು. ಸತ್ತರೆ ಪುಸ್ತಕ ಮುಚ್ಚಿ ಮರುದಿನ ಮೊದಲ ಪುಟದಿಂದ ಶುರು. ಹೀಗೆ ಸಾಯುತ್ತಾ ಹುಟ್ಟುತ್ತಾ ಇದ್ದಾಗಲೇ ಆ ಗೆಳೆಯನ ಮನೆಯವರು ಊರು ಬಿಟ್ಟರು, ಪುಸ್ತಕವೂ ಅವರ ಹಿಂದೆ ಹೋಯಿತು. ಅಪ್ಪ ಗುಹೆಯೊಳಗೇ ಉಳಿದುಬಿಟ್ಟರು.

ದೊಡ್ಡವರಾದ ಮೇಲೂ ಇಬ್ಬರ ಬುದ್ಧಿ ಬದಲಾಗಲಿಲ್ಲ. ಅಪ್ಪ ಡ್ರೈವಿಂಗ್ ಕಲಿಸುವ ಮೇಷ್ಟ್ರಾದರು. ನರಪಿಳ್ಳೆಯಿಲ್ಲದ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಂತು, ಪಕ್ಕದಲ್ಲಿ ಕೂತವರ ತಾಳ್ಮೆ ಪರೀಕ್ಷಿಸುತ್ತಿದ್ದರು. ಅತ್ತೆ ಬಟ್ಟೆ ಸರಿಮಾಡಿಕೊಡುವ ಅಂಗಡಿ ಇಟ್ಟಳು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ಸೊಂಟ ಬಿಚ್ಚಿ ಹೊಲಿಯುವುದು. ದಪ್ಪಗಾಗಿ ಬಂದವರಿಗೆಲ್ಲ ಬಟ್ಟೆಯೇ ಕುಗ್ಗಿದೆ ಎಂದು ಸಮಾಧಾನ ಹೇಳುವಳು. ಅವಳ ಬಾಯಲ್ಲಿ ಸುಳ್ಳು ನೀರು ಕುಡಿದಷ್ಟು ಸಲೀಸು. ಅದೇ ಅಂಗಡಿಯಲ್ಲಿ ಗುಂಡಿ ಹೊಲಿಯುವ ಕೆಲಸ ನನ್ನದು, ಹಾಗಾಗಿ ಇದಕ್ಕೆಲ್ಲ ನಾನೇ ಸಾಕ್ಷಿ.

ಹೋದ ವರ್ಷ ಅಪ್ಪನ ಕಣ್ಣು ಮಂಜಾಗತೊಡಗಿತು. ನೋಡಿದ ಕಡೆಯೆಲ್ಲ ನಡುವೆ ಕಪ್ಪು ಕಲೆ. ಹೋದದ್ದು ಹೋಯಿತು, ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಅಪ್ಪ ಕಾರಿನ ಕೀಲಿ ಕೊಟ್ಟು ಬಂದು ಅತ್ತೆಯ ಅಂಗಡಿಯ ಬೆಂಚಿನ ಮೇಲೆ ಕೂತರು. ಆಮೇಲೆ ಅವರ ಅಂಗಿ ಆರಿಸುವವರು ನಾವು, ರಸ್ತೆ ದಾಟಿಸುವವರು ನಾವು, ತಟ್ಟೆಯಲ್ಲಿ ಯಾವುದು ಎಲ್ಲಿದೆ ಎಂದು ಹೇಳುವವರೂ ನಾವೇ. ಅವರು ಎಲ್ಲಕ್ಕೂ ಹ್ಞೂಂ ಅನ್ನುತ್ತಿದ್ದರು. ಸಾರು ಖಾರವಾ ಎಂದರೂ ಹ್ಞೂಂ, ಸಪ್ಪೆಯಾ ಎಂದರೂ ಹ್ಞೂಂ.

ಆಗಲೇ ಆ ಹಳೆಯ ಪುಸ್ತಕ ಫೋನಿನ ಆಟವಾಗಿ ಬಂದಿದೆ ಎಂದು ನನಗೆ ಗೊತ್ತಾದದ್ದು. ಅದೇ ಗುಹೆ, ಅದೇ ನಾಯಿ. ದಾಳ ತಾನೇ ಉರುಳುತ್ತದೆ, ಸತ್ತರೆ ಗಂಟೆ ಬಾರಿಸುತ್ತದೆ. ಅಕ್ಷರ ಮಾತ್ರ ಇರುವೆ ಸಾಲು, ಗಟ್ಟಿಯಾಗಿ ಓದಿ ಹೇಳುವವರು ಬೇಕು. ನಾನು ಎರಡು ಸಾಲು ಓದುವಷ್ಟರಲ್ಲಿ ಅಪ್ಪ ಆಕಳಿಸಿದರು. ಅತ್ತೆ ಫೋನ್ ಕಿತ್ತುಕೊಂಡಳು. ಅಪ್ಪ ಮೊದಲೇ ಕರಾರು ಹಾಕಿದರು.

"ನಾನು ಹೇಳಿದ ದಾರೀನೇ ಒತ್ಬೇಕು. ಸತ್ರೆ ಸತ್ತೆ ಅನ್ನು. ಒಂದ್ಸಲನಾದ್ರೂ ನನ್ನ ಬುದ್ಧಿಯಿಂದ ನಾನೇ ದಾಟ್ಬೇಕು."

ಅತ್ತೆ ಆಗಲಿ ಅಂದಳು, ಮೊದಲ ಗಂಟೆ ಬಾರಿಸಿದ ಕೂಡಲೇ ಗಿರಾಕಿಗಳಿಗೆ ತೊಂದರೆ ಅಂತ ವಾಲ್ಯೂಮ್ ಪೂರ್ತಿ ಇಳಿಸಿದಳು. ಅಲ್ಲಿಂದ ಶುರುವಾಯಿತು ನೋಡಿ ಅವಳ ಕೈಚಳಕ. ಪರದೆಯ ಮೇಲೆ ತಲೆಬುರುಡೆ ಕುಣಿಯುತ್ತಿದ್ದರೆ, ಇವಳು ರೆಪ್ಪೆ ಬಡಿಯದೆ, ನಾಯಿ ಬಾಲ ಮುದುರಿಕೊಂಡು ಓಡಿಹೋಯಿತು ಎಂದು ಓದುವಳು. ಓದುತ್ತಲೇ ಹಿಂದಿನ ಪುಟಕ್ಕೆ ಮರಳುವ ಗುಂಡಿ ಒತ್ತುವಳು. ನಾನು ಬಾಯಿ ತೆರೆದರೆ ಕತ್ತರಿ ಎತ್ತಿ ತೋರಿಸುವಳು. ಅಪ್ಪ ಮನಸ್ಸಿಗೆ ತೋಚಿದ ದಾರಿ ಹಿಡಿದು, ಕೂದಲು ಕೊಂಕದೆ ಗುಹೆಯೊಳಗೆ ಮೆರವಣಿಗೆ ಹೊರಟಿದ್ದರು.

ನನಗೆ ಮೈಯೆಲ್ಲ ಉರಿಯಿತು. ಅಂಗಡಿ ಬಾಗಿಲು ಹಾಕುವಾಗ ಅತ್ತೆಯನ್ನು ತರಾಟೆಗೆ ತೆಗೆದುಕೊಂಡೆ. ಅವಳು ಬೀಗ ಎಳೆದು ನೋಡುತ್ತಾ ಅಂದಳು: "ಬದುಕಲ್ಲಿ ಅವನು ಕಡಿಮೆ ಬಿದ್ದಿದ್ದಾನಾ? ಆಟದಲ್ಲೂ ಬೀಳಿಸ್ಬೇಕಾ?"

ಆದರೆ ಸುಳ್ಳು ಹೇಳುವವರಿಗೂ ಒಂದು ಹದ ಬೇಕು. ಅತ್ತೆಗೆ ಗೊತ್ತಿದ್ದದ್ದು ಹೊಲಿಗೆ ಲೋಕ ಒಂದೇ. ದಿನ ಕಳೆದಂತೆ ಕಾವಲುಗಾರನ ಕೋಟು ಭುಜದಲ್ಲಿ ಸಡಿಲವಾಯಿತು, ಅಪ್ಪ ತೋಳು ಹಿಡಿದೆಳೆದರೆ ಹೊಲಿಗೆ ಬಿಟ್ಟು ಅವನು ನಾಚಿ ಓಡಿದ. ಮಾಟಗಾತಿ ತನ್ನ ಲಂಗದ ಅಂಚು ಮಡಚಿ ಹೊಲಿದುಕೊಟ್ಟರೆ ದಾರಿ ಬಿಡುತ್ತೇನೆಂದಳು. ಅಪ್ಪ ಹೌದಾ ಅನ್ನುತ್ತಾ ಕೇಳುತ್ತಿದ್ದರು. ಕೊನೆಗೊಂದು ಮಧ್ಯಾಹ್ನ, ಅಪ್ಪನನ್ನು ನುಂಗಲು ಬಂದ ರಾಕ್ಷಸಿ ಬೆನ್ನಿನ ಜಿಪ್ ಸಿಕ್ಕಿಕೊಂಡು ಅಲ್ಲೇ ನಿಂತುಬಿಟ್ಟಳು.

ಅಪ್ಪ ಓದುವುದನ್ನು ನಿಲ್ಲಿಸು ಅಂದರು. ಗುಹೆಯೊಳಗಿನ ರಾಕ್ಷಸಿಗೆ ಜಿಪ್ ಹಾಕಿಕೊಟ್ಟವರು ಯಾರು ಅಂತ ಮೆಲ್ಲಗೆ ಕೇಳಿದರು. ಅತ್ತೆಯ ಮುಖ ಹುಳ್ಳಗಾಯಿತು.

"ಕಲಿಯೋರ ಕಾರಲ್ಲಿ ನನ್ನ ಕಾಲ ಹತ್ರಾನೂ ಒಂದು ಬ್ರೇಕ್ ಇರುತ್ತೆ," ಅಂದರು ಅಪ್ಪ. "ಮೆಲ್ಲಗೆ ಒತ್ತಿದ್ರೆ ತಾವೇ ನಿಲ್ಸಿದ್ದು ಅಂದ್ಕೊಳ್ತಾರೆ. ಎಷ್ಟೋ ಜನಕ್ಕೆ ಹಾಗೆ ಮಾಡಿದೀನಿ. ಆದ್ರೆ ಪರೀಕ್ಷೆ ದಿನ ಯಾರಿಗೂ ಒತ್ತಿಲ್ಲ ಕಣೇ."

ಅತ್ತೆಗೆ ತಪ್ಪು ಒಪ್ಪಿಕೊಂಡು ಗೊತ್ತಿಲ್ಲ. ಒಳ್ಳೇದು ಮಾಡಲು ಹೋದರೆ ಹೀಗೇ ಅಂತ ಎಗರಾಡಿದಳು. ಅಣ್ಣ ತಂಗಿ ಮಾತು ಬಿಟ್ಟರು. ಅಪ್ಪ ಗೋಡೆ ಕಡೆ ಮುಖ ಮಾಡಿ ಕೂತರೆ, ಅತ್ತೆ ಸಿಟ್ಟಿನಲ್ಲಿ ಯಾರದೋ ಪ್ಯಾಂಟಿನ ಎರಡೂ ಕಾಲನ್ನು ಸೇರಿಸಿ ಹೊಲಿದಳು. ಅದನ್ನು ಬಿಚ್ಚುತ್ತಾ ಕೂತವಳು ಇದ್ದಕ್ಕಿದ್ದಂತೆ ಎದ್ದು, ಫೋನಿನ ವಾಲ್ಯೂಮ್ ಪೂರ್ತಿ ಏರಿಸಿ, ಮೊದಲ ಪುಟದಿಂದ ಓದತೊಡಗಿದಳು.

ಈ ಸಲ ಅಪ್ಪ ಸತ್ತರು. ಮತ್ತೆ ಸತ್ತರು. ಗಂಟೆ ಎಷ್ಟು ಬಾರಿಸಿತೆಂದರೆ ಗಿರಾಕಿಯೊಬ್ಬರು ಪಕ್ಕದ ಮನೆಯಲ್ಲಿ ಯಾರಾದರೂ ಹೋದರಾ ಎಂದು ವಿಚಾರಿಸಿದರು. ಪ್ರತಿ ಸಲವೂ ಅತ್ತೆ ಹಲ್ಲು ಕಚ್ಚಿಕೊಂಡು, ಸತ್ತೆ ಅಣ್ಣ, ಅನ್ನುವಳು. ಅಪ್ಪ ನಗುತ್ತಾ ಮೊದಲಿಂದ ಓದು ಅನ್ನುವರು. ಆ ಹಾಳು ಹ್ಞೂಂ ಎಲ್ಲೋ ಹೋಯಿತು. ಒಂದು ಬೆಳಿಗ್ಗೆ ಅಂಗಿಯನ್ನು ತಾವೇ ಆರಿಸಿ, ಗುಂಡಿಗಳನ್ನು ಮೇಲೆ ಕೆಳಗೆ ಮಾಡಿ ಹಾಕಿಕೊಂಡು, ಯಾರಾದರೂ ಮುಟ್ಟಿದರೆ ಜೋಕೆ ಅನ್ನುವ ಮುಖದಲ್ಲಿ ಬಂದರು.

ಕೊನೆಗೊಂದು ದಿನ ಅವರು ತೂಗುಸೇತುವೆ ದಾಟಿದರು, ಹಾವಿನ ಕೋಣೆಯಿಂದ ಪಾರಾದರು. ಕಡೆಯ ಕವಲಿನಲ್ಲಿ ತುಂಬಾ ಹೊತ್ತು ಯೋಚಿಸಿ ಎಡಗಡೆ ಅಂದರು. ಅತ್ತೆ ಒತ್ತಿದಳು. ಗಂಟೆ ಬಾರಿಸಲಿಲ್ಲ. ದಾಟಿದೆ ಅಣ್ಣ, ಹೊರಗೆ ಬಂದೆ ಅಂದಳು.

ಅಪ್ಪ ನಂಬಲಿಲ್ಲ. ವಾಲ್ಯೂಮ್ ಇಳಿಸಿದೆಯಾ ಎಂದರು. ಅತ್ತೆ ಆಣೆ ಮಾಡಿದಳು. ನಾನೂ ಮಾಡಿದೆ. ನೀನು ಅವಳ ಉಪ್ಪು ತಿನ್ನುವವಳು ಎಂದು ನನ್ನ ಬಾಯಿ ಮುಚ್ಚಿಸಿದರು. ಬದುಕೆಲ್ಲ ಸುಳ್ಳು ಹೇಳಿ ನಂಬಿಸಿದವಳು ಈಗ ಸತ್ಯ ಹಿಡಿದು ಒದ್ದಾಡುತ್ತಿದ್ದಳು. ಏನು ಬರೆದಿದೆಯೋ ಅಷ್ಟನ್ನು ಓದು ಎಂದರು ಅಪ್ಪ. ಅತ್ತೆ ಓದಿದಳು.

"ನೀನು ಬೆಟ್ಟದ ಆಚೆ ಬದಿಗೆ ಬಂದಿದ್ದೀಯ. ಮಾಂತ್ರಿಕನ ಪೆಟ್ಟಿಗೆಯ ಕೀಲಿ ನಿನ್ನ ಬಳಿ ಇರಲಿಲ್ಲ, ಅದು ಗುಹೆಯಲ್ಲೇ ಉಳಿಯಿತು. ಕೈ ಖಾಲಿ. ಮಳೆ ಬರುತ್ತಿದೆ. ಊರು ದೂರವಿದೆ. ನಡೆ."

ಅಷ್ಟೇ. ಅಪ್ಪ ಬೆಂಚಿನಿಂದ ಎದ್ದು ನಿಂತರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡೇ ಇರಲಿಲ್ಲ.

"ಇದು ನೀನು ಕಟ್ಟಿದ್ದಲ್ಲ," ಅಂದರು. "ನೀನಾಗಿದ್ರೆ ಪೆಟ್ಟಿಗೆ ತುಂಬ ಬಂಗಾರ ಕೊಟ್ಟು ಕುದುರೆ ಮೇಲೆ ಕಳಿಸ್ತಿದ್ದೆ."

"ಹೌದಣ್ಣ," ಅಂದಳು ಅತ್ತೆ. "ಕಣ್ಣೂ ವಾಪಸ್ ಕೊಡಿಸ್ತಿದ್ದೆ."