ಒಳಗಿರುವವರ ಸಂಖ್ಯೆ

ಬೆಂದದ್ದು ನನ್ನ ಗೆಳೆಯನ ಎರಡೂ ಕೈಗಳು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಸಿದವರಿಗೆ ಬಿಸಿಗಾಳಿಯೂ ತಾಗಲಿಲ್ಲ.

ಚಿಕ್ಕೋಡಿಯ ನನ್ನ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ ಎರಡು ವರ್ಷಗಳಿಂದ ನಾನೊಂದು ಯುದ್ಧದ ಆಟವನ್ನು ರೂಪಿಸುತ್ತಿದ್ದೇನೆ. ಹಾಸಿದ ನೀಲಿ ಬಟ್ಟೆಯೇ ಸಮುದ್ರ. ಬೆರಳುದ್ದದ ಕಟ್ಟಿಗೆಯ ತುಂಡುಗಳು ಇಪ್ಪತ್ತನೆಯ ಶತಮಾನದ ಆರಂಭದ, ಕಲ್ಲಿದ್ದಲು ಉರಿಸಿ ಓಡುತ್ತಿದ್ದ ಯುದ್ಧನೌಕೆಗಳು. ಒಂದು ಸರದಿಗೆ ಎಷ್ಟು ಅಂಗುಲ ಚಲಿಸಬೇಕು, ಎಷ್ಟು ದೂರದಿಂದ ಗುಂಡು ತಾಗುತ್ತದೆ, ಎಲ್ಲಕ್ಕೂ ನಿಯಮವಿದೆ, ದಾಳವಿದೆ. ಯುದ್ಧವನ್ನು ವಿರೋಧಿಸಿ ಮೆರವಣಿಗೆಯಲ್ಲಿ ನಡೆದವನು ನಾನು. ಸೇನಾಧಿಪತಿಗಳ ಲೆಕ್ಕಾಚಾರದಲ್ಲಿ ಅಡಗಿರುವ ಕ್ರೌರ್ಯವನ್ನು ನಾನು ಪಾಠ ಹೇಳುವ ಶಾಲೆಯ ಮಕ್ಕಳಿಗೆ ತೋರಿಸಬೇಕೆಂದೇ ಇದನ್ನು ಆರಂಭಿಸಿದ್ದೆ.

ಭಾನುವಾರ ಮಧ್ಯಾಹ್ನ ಆಡಿ ಪರೀಕ್ಷಿಸಲು ಬರುತ್ತಿದ್ದವನು ಕರೋಶಿಯ ಗೆಳೆಯ. ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ ಅವನದು. ನನ್ನ ಹದಿನಾಲ್ಕನೆಯ ನಿಯಮ ಹೀಗಿತ್ತು: ಹಡಗಿನ ತಳಕ್ಕೆ ನೀರು ನುಗ್ಗಿದರೆ ಆಟಗಾರ ಬಾಯ್ಲರ್ ಕೋಣೆಯ ಬಾಗಿಲು ಮುಚ್ಚಿಸಬಹುದು, ವೇಗ ಎರಡು ಅಂಗುಲ ತಗ್ಗುತ್ತದೆ, ಹಡಗು ಉಳಿಯುತ್ತದೆ.

ಒಂದು ಭಾನುವಾರ ನನ್ನ ಹಡಗಿಗೆ ನೀರು ನುಗ್ಗಿತು. ಬಾಗಿಲು ಮುಚ್ಚಿದೆ ಎಂದು ಹೆಮ್ಮೆಯಿಂದಲೇ ಘೋಷಿಸಿದೆ. ಅವನು ದಾಳ ಮುಟ್ಟಲಿಲ್ಲ.

"ಮಾಸ್ತರ, ಒಳಗ ಎಷ್ಟ್ ಮಂದಿ ಇದ್ರು?"

"ಅದನ್ನ ಬರ್ದಿಲ್ಲಲೇ."

"ಗುಂಡ್ ಎಷ್ಟ್ ಉಳದಾವ ಅಂತ ಬರ್ದೀ. ಕಲ್ಲಿದ್ದಲಿ ಎಷ್ಟ್ ಐತಿ ಅಂತ ಬರ್ದೀ. ಅದನ್ನ ಒಲಿಗೆ ಹಾಕಾವ್ರು ಏನ್ ದೆವ್ವಗೋಳೇನು?"

ನಾನು ನಕ್ಕೆ. ಅವನು ಪೆನ್ಸಿಲ್ ಎತ್ತಿಕೊಂಡು ನಿಯಮದ ಕೆಳಗೆ ಬರೆದ: ಬಾಗಿಲು ಮುಚ್ಚಿಸುವವನು ಒಳಗಿರುವವರ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಬೇಕು.

"ಹದಿನೆಂಟ್ ಮಂದಿ ಅದಾರ. ಈಗ ಹೇಳು."

ಆ ಸಂಖ್ಯೆಯನ್ನು ಹೇಳುವ ಬದಲು ಬಾಗಿಲು ತೆರೆದೇ ಬಿಟ್ಟೆ, ಹಡಗು ಮುಳುಗಿತು.

"ಈಗ ಎಲ್ಲಾರನೂ ಕೊಂದೆಲ್ಲೋ ಪುಣ್ಯಾತ್ಮಾ!" ಎಂದು ನಕ್ಕವನು ಆಮೇಲೆ ದನಿ ಇಳಿಸಿದ. "ನಮ್ಮ ಕಾರ್ಖಾನ್ಯಾಗ ಒಳಗ ಎಷ್ಟ್ ಮಂದಿ ಅಂತ ಹೇಳಾವ್ರೂ ಇಲ್ಲ. ಮಂದಿ ಚಾ ಕುಡ್ಯಾಕ ಹೋಗ್ತಾರಂತ, ಪಾಳಿ ಸುರು ಆತಂದ್ರ ಬಾಯ್ಲರ್ ಖೋಲಿಗೆ ಹೊರಗಿಂದ ಕೀಲಿ ಹಾಕ್ತಾರ."

ನಾಳೆಯೇ ಕಾರ್ಖಾನೆ ತಪಾಸಣೆಯ ಅಧಿಕಾರಿಗಳಿಗೆ ಅರ್ಜಿ ಕೊಡುತ್ತೇನೆ ಎಂದೆ.

"ಬ್ಯಾಡೋ ಮಾರಾಯಾ. ಯಾರ್ ಹೇಳ್ಯಾರ ಅಂತ ಅವ್ರಿಗೆ ಗೊತ್ತಾಗ್ತೈತಿ. ಮನಿಗೆ ಕಳಸ್ತಾರ."

ನಾನು ಅರ್ಜಿ ಬರೆಯಲಿಲ್ಲ. ಆಡಳಿತದ ತಪ್ಪನ್ನು ಹೇಳುವ ಮುನ್ನ ಈ ತಪ್ಪನ್ನೂ ಹೇಳಬೇಕು: ಅವನ ಕೆಲಸ ಹೋದೀತೆಂಬ ನೆಪದ ಹಿಂದೆ ನನ್ನ ಹೇಡಿತನವನ್ನು ಬಚ್ಚಿಟ್ಟೆ. ಅಂದಿನಿಂದ ಅವನ ಪಾಳಿಯ ಹೊತ್ತಿನಲ್ಲಿ ಫೋನ್ ಸದ್ದಾದರೆ ಸಾಕು, ಕೈಯಲ್ಲಿದ್ದ ಸೀಮೆಸುಣ್ಣ ಜಾರುತ್ತಿತ್ತು. ಹದಿನಾಲ್ಕನೆಯ ನಿಯಮವನ್ನು ತಿದ್ದಲು ಕುಳಿತಾಗಲೆಲ್ಲ, ಒಳಗಿನಿಂದ ಯಾರೋ ಬಾಗಿಲು ಬಡಿದಂತಾಗುತ್ತಿತ್ತು.

ಮೂರನೆಯ ವಾರ ಆ ಫೋನ್ ಬಂದೇ ಬಂತು. ಉಗಿಯ ಕೊಳವೆ ಸೀಳಿತ್ತು. ಬೀಗದ ಕೈ ಮೇಲ್ವಿಚಾರಕನ ಜೇಬಿನಲ್ಲಿತ್ತು. ಮೇಲ್ವಿಚಾರಕ ಗೇಟಿನ ಬಳಿ ಚಹಾ ಕುಡಿಯುತ್ತಿದ್ದ. ಅವನು ಓಡಿ ಬರುವವರೆಗೆ ಒಳಗಿನವರು ಕಬ್ಬಿಣದ ಬಾಗಿಲನ್ನು ಬಡಿಯುತ್ತಲೇ ಇದ್ದರು. ನನ್ನ ಗೆಳೆಯ ಮಾತ್ರ ಉಗಿಯೊಳಗೆ ಕೈ ಹಾಕಿ, ಅದನ್ನು ನಿಲ್ಲಿಸುವ ವಾಲ್ವ್ ತಿರುಗಿಸುತ್ತಿದ್ದ.

ಆಸ್ಪತ್ರೆಯಲ್ಲಿ ಮೊಳಕೈವರೆಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದವನು ನನ್ನನ್ನು ಕಂಡು ಹೇಳಿದ್ದು ಇಷ್ಟೇ: "ಮಾಸ್ತರ, ನಾಕ್ ಮಂದಿ ಇದ್ವಿ. ಬರ್ಕೋ."

ಪಟ್ಟಿ ಬಿಚ್ಚಿದ್ದಾರೆ. ಬರುವ ಸೋಮವಾರ ಅವನು ಮತ್ತೆ ಕೆಲಸಕ್ಕೆ ಹೋಗುತ್ತಾನೆ. ನಿನ್ನೆ ಅವನ ವೈದ್ಯರ ಚೀಟಿ ಕೊಡಲು ಕಾರ್ಖಾನೆಗೆ ಹೋಗಿದ್ದೆ. ಅದೇ ಬಾಗಿಲು, ಬೀಗ ಮಾತ್ರ ಹೊಸದು, ಮೊದಲಿಗಿಂತ ದೊಡ್ಡದು. ಮನೆಗೆ ಬಂದು, ಈ ಬೀಗದ ವಿಷಯ ಬರೆಯಲೇ ಎಂದು ಅವನನ್ನೇ ಕೇಳಿದೆ. "ಈ ಸಲ ಬರಿ," ಎಂದ.

ಕಾರ್ಖಾನೆಯ ಆಡಳಿತದವರೇ, ಸೋಮವಾರ ಬೆಳಗಿನ ಪಾಳಿಗೆ ಮುನ್ನ ಆ ಬೀಗವನ್ನು ತೆಗೆಸಿ. ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ ಬಾಗಿಲನ್ನು ಹಾಕಿಸಿ. ಅದನ್ನು ಪರೀಕ್ಷಿಸಲು ಬರುವ ಅಧಿಕಾರಿಗಳೇ, ಹೊರಗೆ ನಿಂತು ಸಹಿ ಮಾಡಬೇಡಿ. ಒಳಗೆ ಹೋಗಿ, ಬಾಗಿಲು ಮುಚ್ಚಿಸಿಕೊಂಡು, ನಿಮ್ಮ ಕೈಯಿಂದಲೇ ತಳ್ಳಿ ನೋಡಿ.