ಶುಭಾಳ ಲಾರಿಗೆ ಸುದರ್ಶನ್ ಹಾಕಿದ ರೇಡಿಯೋ

ಸುದರ್ಶನ್‌ಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇರಲಿಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಹೊಸದಾಗಿ ಬಂದ ಕನ್ನಡಿಗರು ಪರ್ಸೊನ್‌ನುಮ್ಮರ್ ಎಂಬ ಗುರುತಿನ ಸಂಖ್ಯೆ ಮಾಡಿಸುವುದು ಹೇಗೆ, ಯಾವ ಟ್ರಾಮಿನಲ್ಲಿ ಕೂತರೆ ಸೀಟು ಸಿಗುತ್ತದೆ, ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬಬೇಕಾದರೆ ಪಾತ್ರೆಯನ್ನು ಎಲ್ಲಿಡಬೇಕು, ಎಲ್ಲಕ್ಕೂ ಅವನ ಬಳಿ ಉತ್ತರವಿತ್ತು. ಕೇಳದವರಿಗೂ ಹೇಳುತ್ತಿದ್ದ. ರಾಜಾಜಿನಗರದಲ್ಲಿ ಹುಟ್ಟಿ, ಎಲೆಕ್ಟ್ರಾನಿಕ್ಸ್ ಓದಿ, ಟೋರ್ಸ್‌ಲಾಂಡದಲ್ಲಿ ಕಾರು ಮಾಡುವವರಿಗೆ ಕನ್ಸಲ್ಟೆಂಟಾಗಿ ಬಂದವನು. ಕಾರಿನ ಬಾಗಿಲು ಸರಿಯಾಗಿ ಹಾಕದಿದ್ದರೆ ಟಿಂಗ್ ಟಿಂಗ್ ಅನ್ನುತ್ತದಲ್ಲ, ಆ ಸದ್ದು ಎಷ್ಟು ಹೊತ್ತು ಬರಬೇಕೆಂದು ನಿರ್ಧರಿಸುವ ತಂಡದಲ್ಲಿ ಅವನೂ ಒಬ್ಬ. ಊರಿಗೆ ಹೋದಾಗ ಮಾತ್ರ "ಕಾರ್ ಡಿಸೈನ್ ಮಾಡ್ತೀನಿ" ಎನ್ನುತ್ತಿದ್ದ. ನೆಂಟರು ನಂಬುತ್ತಿದ್ದರು, ಅವರ ಗಂಟೇನು ಹೋಗಬೇಕು.

ಹೆಂಡತಿ ಶುಭಾ ಎಂ.ಎಸ್ಸಿ. ಮಾಡಿದವಳು, ಅವನ ವೀಸಾದ ಬಾಲ ಹಿಡಿದು ಬಂದವಳು. ಬಂದ ಹೊಸದರಲ್ಲಿ ಕೆಲಸ ಹುಡುಕಿದಳು. ಮೊದಲು ಸ್ವೀಡಿಷ್ ಕಲಿತುಕೊಳ್ಳಿ ಅಂದರು. ಕಲಿತಳು. ಇಲ್ಲಿನ ಅನುಭವ ಬೇಕಲ್ಲ ಅಂದರು. ಮಗಳು ಅಹನಾಳನ್ನು ದಾಗಿಸ್ ಎಂಬ ಶಿಶುವಿಹಾರಕ್ಕೆ ಬಿಡುವುದು, ಕರೆದುಕೊಂಡು ಬರುವುದು, ವರ್ಷಗಟ್ಟಲೆ ಅವಳಿಗೆ ಅದೇ ಉದ್ಯೋಗವಾಯಿತು. ಆಗೆಲ್ಲ ಸುದರ್ಶನ್ "ಶುಭಾ ಮನೇಲೇ ಇದ್ದಾಳೆ, ನಂಗೂ ಅದೇ ನೆಮ್ಮದಿ" ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ಒಂದು ದಿನ ಅವಳು ಸ್ವೀಡಿಷ್ ತರಗತಿಯ ಗೆಳತಿಯೊಬ್ಬಳ ಜೊತೆ ಹೋಗಿ ಲಾರಿ ಓಡಿಸುವ ಕೋರ್ಸಿಗೆ ಹೆಸರು ಕೊಟ್ಟು ಬಂದಳು. ಅವಳು ಸೇರಿದ್ದು ಅವನಿಗೆ ತಮಾಷೆಯೆನಿಸಿತು. ಪಾಸಾದದ್ದು ಅರ್ಧ ತಮಾಷೆಯೆನಿಸಿತು. ಯೋರಾನ್ ಎಂಬ ಮುದುಕನ ಸಣ್ಣ ಸಾರಿಗೆ ಕಂಪನಿಯಲ್ಲಿ ಕೆಲಸವೂ ಸಿಕ್ಕಿ, ಅಂಗಡಿಗಳಿಗೆ ಹಾಲು ತರಕಾರಿ ಇಳಿಸಲು ಹಳದಿ ಜಾಕೆಟ್ ತೊಟ್ಟು ಹೊರಟಳಲ್ಲ, ಅವತ್ತು ತಮಾಷೆ ಮುಗಿಯಿತು.

ಲಾರಿ ಎಂದರೆ ಸುದರ್ಶನನ ಕಣ್ಣಿಗೆ ಕಾಣುತ್ತಿದ್ದದ್ದು ಯಶವಂತಪುರದ ರಸ್ತೆಬದಿ, ಲುಂಗಿ, ಬೀಡಿ. ಇದನ್ನು ಕನ್ನಡ ಕೂಟದಲ್ಲಿ ಯಾವ ಬಾಯಲ್ಲಿ ಹೇಳುವುದು? ಹಾಗಾಗಿ ಕೂಟದ ಮಟ್ಟಿಗೆ ಶುಭಾ "ಲಾಜಿಸ್ಟಿಕ್ಸ್‌ನಲ್ಲಿ" ಇದ್ದಳು. ಯುಗಾದಿಯ ಹೊತ್ತಿಗೆ ಲಾಜಿಸ್ಟಿಕ್ಸ್ ಮ್ಯಾನೇಜರ್ ಆದಳು. ಯೋರಾನ್‌ಗೆ ತಿಳಿಯದಂತೆ ಅವನ ಡ್ರೈವರಿಗೆ ಬಡ್ತಿ ಕೊಡುತ್ತಿದ್ದವನು ಅವಳ ಗಂಡ.

ಗುಟ್ಟು ಇಷ್ಟು ದಿನ ಉಳಿದದ್ದು ಕೂಟದವರ ಸ್ವೀಡಿಷ್ ಜ್ಞಾನದ ಪುಣ್ಯದಿಂದ. ಗಣೇಶನ ಹಬ್ಬದಲ್ಲಿ ಯಾರೋ ಅಹನಾಳ ಕೆನ್ನೆ ಹಿಂಡಿ "ಅಮ್ಮ ಏನ್ ಕೆಲಸ ಮಾಡ್ತಾಳೆ ಪುಟ್ಟಾ?" ಎಂದು ಕೇಳಿದ್ದರು. ಮಗು ಹೆಮ್ಮೆಯಿಂದ, "ಮಮ್ಮ ಶೋರ್ ಲಾಸ್ತ್‌ಬೀಲ್" ಎಂದಿತು. ಅಮ್ಮ ಲಾರಿ ಓಡಿಸುತ್ತಾಳೆ, ಅಷ್ಟೇ. ಹತ್ತು ವರ್ಷದಿಂದ ಅಲ್ಲೇ ಉಂಡು, ದಿನಾ ಆಫೀಸಿನಲ್ಲಿ ಫೀಕಾ ಎಂಬ ಕಾಫಿ ವಿರಾಮಕ್ಕೆ ಕೂತೆದ್ದ ಹಿರಿಯರೆಲ್ಲ "ಎಷ್ಟು ಚೆನ್ನಾಗಿ ಮಾತಾಡುತ್ತೆ" ಎಂದು ತಲೆದೂಗಿದರು. "ಸಪ್ಲೈ ಚೈನ್ ಅಂತ ಹೇಳ್ತಿದ್ದಾಳೆ" ಎಂದು ಸುದರ್ಶನ್ ಅನುವಾದಿಸಿದ. ಸ್ವೀಡಿಷ್ ಬಲ್ಲವರಿಗೆ ಲಾರಿಯೆಂದರೆ ಕೇವಲವಲ್ಲ, ಕೇವಲವೆನ್ನುವವರಿಗೆ ಸ್ವೀಡಿಷ್ ಬಾರದು.

ಇಂಥ ಮನೆಯೊಳಗೆ ರೇಡಿಯೋದ ಮಾತು ಬಂತು. ಶುಭಾಳ ಜೊತೆ ಕೆಲಸ ಮಾಡುವ ಲೆನಾಳ ಲಾರಿಯಲ್ಲಿ ಒಂದು ಸಿಬಿ ರೇಡಿಯೋ ಇತ್ತು. ಸಿಮ್ ಬೇಡ, ಬಿಲ್ಲಿಲ್ಲ. ಮೈಕಿನ ಗುಂಡಿ ಒತ್ತಿ ಮಾತಾಡಿದರೆ ಕೆಲವು ಕಿಲೋಮೀಟರ್ ಸುತ್ತಿನ ಲಾರಿಗಳಿಗೆಲ್ಲ ಕೇಳುತ್ತದೆ. ಬಿಟ್ಟರೆ ಅವರ ಮಾತು ನಮಗೆ ಕೇಳುತ್ತದೆ. ಒತ್ತಿಕೊಂಡೇ ಇದ್ದರೆ ಮಾತ್ರ ಬೇರೆ ಯಾರದೂ ಕೇಳಿಸದು. ಸುರಂಗದ ಬಳಿ ಗಾಡಿಗಳು ನಿಂತಿವೆ, ಇಂಥ ಕಡೆ ಹಿಮ ಗಟ್ಟಿಯಾಗಿದೆ ಎಂದು ಡ್ರೈವರುಗಳು ಹೇಳಿಕೊಳ್ಳುತ್ತಾರೆ. "ನಂಗೂ ಲೆನಾದು ಇದೆಯಲ್ಲ, ಅಂಥದ್ದೇ ಒಂದು ಸಾಕು ರೀ" ಎಂದಳು ಶುಭಾ. ಅಷ್ಟಕ್ಕೇ ಬಿಟ್ಟಿದ್ದರೆ ಆ ವಾರವೇ ಕೆಲಸ ಮುಗಿಯುತ್ತಿತ್ತು.

"ಅಂಥದ್ದೇ ಅಂದ್ರೆ ಹೇಗಮ್ಮ? ಎಎಮ್ಮೋ ಎಫ್ಫೆಮ್ಮೋ ಗೊತ್ತಾ? ಎಲ್ಲಾ ಸ್ಟಡಿ ಮಾಡ್ಬೇಕು" ಎಂದ ಸುದರ್ಶನ್. ಎಕ್ಸೆಲ್ ಶೀಟು ತೆರೆದ. ಬಾಗಿಲ ಟಿಂಗ್ ಟಿಂಗಿಗೂ ಅಷ್ಟು ಅಧ್ಯಯನ ಮಾಡಿರಲಿಲ್ಲ. ಊಟದ ಹೊತ್ತಿನಲ್ಲಿ ಯೂಟ್ಯೂಬು ನೋಡಿ, ತಿಂಗಳ ಮೇಲೆ ಸೆಟ್ಟೊಂದನ್ನು ತರಿಸಿದ. ಅದು ಹನ್ನೆರಡು ವೋಲ್ಟಿನದು, ಶುಭಾಳ ಲಾರಿ ಇಪ್ಪತ್ನಾಲ್ಕು ವೋಲ್ಟಿನದು. ಜೋಡಿಸಿದ್ದರೆ ಹೊಗೆಯೇಳುತ್ತಿತ್ತು. ಡಬ್ಬದ ಮೇಲಿನ ಬರಹವನ್ನು ಓದಿ ಹೇಳಿದ್ದು ಶುಭಾಳೇ. "ಅದು ನಂಗೊತ್ತು, ಇದು ನನ್ನ ಕಾರಿಗೆ. ರೇಂಜ್ ಟೆಸ್ಟ್ ಮಾಡೋಕೆ ಇನ್ನೊಂದು ಬೇಕಲ್ವಾ?" ಎಂದ ಸುದರ್ಶನ್. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಲಾರಿಗೆ ತಕ್ಕ ಸೆಟ್ಟು ಬೇರೆ ಬಂತು.

ಜೋಡಿಸುವ ಕೆಲಸ ಸಂಜೆ, ಲಾರಿಗಳು ನಿಲ್ಲುವ ಯಾರ್ಡಿನಿಂದ ಎಲ್ಲರೂ ಮನೆಗೆ ಹೋದ ಮೇಲೆ. ಛಾವಣಿಗೆ ಮಾತ್ರ ತೂತು ಕೊರೆಯಬೇಡಿ ಎಂದು ಯೋರಾನ್ ಹೇಳಿದ್ದ. ಕನ್ನಡಿಯ ಕಂಬಿಗೆ ಆಂಟೆನಾ ಬಿಗಿದರೆ ಗೊರಗೊರ ಬಿಟ್ಟು ಬೇರೇನೂ ಬರಲಿಲ್ಲ. ಕಂಬಿಯ ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗಿಸಬೇಕೆಂದು ಅವನಿಗೆ ಹೊಳೆಯುವಷ್ಟರಲ್ಲಿ ವಾರ ಕಳೆಯಿತು. ಆಮೇಲೆ ಮೀಟರು ತಂದ, ಆಂಟೆನಾದ ಕಡ್ಡಿಯನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡಿ ಮುಳ್ಳು ಸರಿಯಾದ ಜಾಗದಲ್ಲಿ ನಿಲ್ಲುವವರೆಗೂ ಬಿಡಲಿಲ್ಲ. ಗುಂಡಿಯನ್ನು ಬಹಳ ಹೊತ್ತು ಒತ್ತಿದ್ದರೆ ತಾನಾಗಿಯೇ ಮಾತು ಕಡಿಯುವ ಒಂದು ವ್ಯವಸ್ಥೆ ಸೆಟ್ಟಿನಲ್ಲಿತ್ತು. "ಪೂರ್ತಿ ಮಾತಾಡೋಕೆ ಬಿಡಲ್ವಲ್ಲ ಇದು" ಎಂದು ಅದನ್ನೂ ಆಫ್ ಮಾಡಿದ. ಸುಳ್ಳು ಹೇಳಬಾರದು, ಕೊನೆಗೆ ಧ್ವನಿ ಗಾಜಿನಷ್ಟು ಸ್ವಚ್ಛವಾಗಿ ಬಂತು. ಇಷ್ಟು ಶ್ರದ್ಧೆಯನ್ನು ಶುಭಾಳ ಕೆಲಸದ ಕಡೆ ಅವನು ತೋರಿಸಿದ್ದು ಅದೇ ಮೊದಲು, ಅದೂ ರೇಡಿಯೋದ ಕಡೆಗೆ.

ಅಷ್ಟರಲ್ಲಿ ದಸರಾ ಬಂತು. ಶನಿವಾರ ಕೂಟದ ಹಬ್ಬ. ಅಧ್ಯಕ್ಷ ಕರಣ್ ಅಂದು ಕೆಳಗಿಳಿಯುವವನಿದ್ದ, ಅವನು ಯಾರ ಕಡೆ ಬೊಟ್ಟು ಮಾಡುತ್ತಾನೋ ಅವನೇ ಮುಂದಿನ ಅಧ್ಯಕ್ಷ. ಸುದರ್ಶನ್‌ಗೆ ಆ ಕುರ್ಚಿ ಬೇಕಿತ್ತು. ಎಷ್ಟು ಬೇಕಿತ್ತೆಂದರೆ ಸ್ವೀಕಾರ ಭಾಷಣವನ್ನು ಬಚ್ಚಲುಮನೆಯಲ್ಲಿ ಒಪ್ಪಿಸುತ್ತಿದ್ದ. ಕರಣನ ಕಾರು ರಿಪೇರಿಗೆ ಹೋಗಿದೆಯೆಂದು ತಿಳಿದ ಕೂಡಲೇ "ನಾನೇ ಬಂದು ಪಿಕ್ ಮಾಡ್ತೀನಿ ಸರ್" ಎಂದು ತಾನಾಗಿ ಮುಂದಾದ.

ಆ ಬೆಳಿಗ್ಗೆ ಶುಭಾಳಿಗೆ ಅರ್ಧ ದಿನದ ಕೆಲಸವಿತ್ತು. ಅವಳು ಹೊರಡುವ ಮುಂಚೆ ಯಾರ್ಡಿನಲ್ಲಿ ಆಯುಧಪೂಜೆ. ಲಾರಿಗೆ ಪೂಜೆಯಾಗಲಿ ಎಂದು ಕೇಳಿದ್ದು ಅವಳು, ಮಾಡಿದ್ದು ಅವನು. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟಾಗ ಯೋರಾನ್ ಕಾಫಿ ಕಪ್ಪು ಹಿಡಿದು ಬಂದು, ಇದು ಬ್ರೇಕ್ ಪರೀಕ್ಷೆಯೇ ಎಂದು ವಿಚಾರಿಸಿದ. ಲಾರಿಗೆ ಒಂದು ಚಿಟಿಕೆ ಕುಂಕುಮವಾದರೆ ರೇಡಿಯೋಗೆ ಮಹಾಪೂಜೆ. ಸೆಟ್ಟಿನ ಮುಖದ ಮೇಲೆ ಗಂಧ, ಕುಂಕುಮ, ಅಂಗೈಯಗಲದ ಸೇವಂತಿಗೆ. ಮೈಕಿಗೆ ಅರಿಶಿನದ ದಾರ, ರಸ್ತೆಯ ಕುಲುಕಿಗೆ ಬಿಚ್ಚಿಹೋಗದಂತೆ ಸುತ್ತಿ ಸುತ್ತಿ ಎಳೆದು ಕಟ್ಟಿದ. ಪಕ್ಕದ ಗುಂಡಿಯೂ ದಾರದೊಳಗೆ ಸೇರಿ ಒತ್ತಿಕೊಂಡಿತು. ಲಾರಿಯ ಕೀಲಿ ತಿರುಗಿಸಿರಲಿಲ್ಲವಾದ್ದರಿಂದ ರೇಡಿಯೋ ಸುಮ್ಮನಿತ್ತು, ಅವನಿಗೆ ಗೊತ್ತಾಗಲಿಲ್ಲ. ಲಾರಿ ಕಾಣದಂತೆ ರೇಡಿಯೋದ ಫೋಟೋ ತೆಗೆದು "ನಮ್ಮ ಕಮ್ಯುನಿಕೇಷನ್ ಸಿಸ್ಟಮ್‌ಗೆ ಪೂಜೆ" ಎಂದು ಕೂಟದ ಗುಂಪಿಗೆ ಹಾಕಿದ.

ಸುದರ್ಶನನ ಕಾರಿನಲ್ಲಿ ಕರಣ್ ಮುಂದಿನ ಸೀಟಿನಲ್ಲಿ ಕೂತ, ಅವನ ಹೆಂಡತಿ ಮೈತ್ರೇಯಿ ಹಿಂದೆ. ಬೆಂಗಳೂರಿನಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವಳು. ಈಗ ಅವಳೇನು ಮಾಡುತ್ತಾಳೆಂದು ಕೇಳಿದರೆ ಕರಣ್ "ಕರಿಯರ್ ಬ್ರೇಕ್‌ನಲ್ಲಿದ್ದಾಳೆ" ಎನ್ನುತ್ತಿದ್ದ. ಆ ಬ್ರೇಕು ಹಾಕಿ ಎಂಟು ವರ್ಷವಾಗಿತ್ತು.

"ಇದೇನ್ರೀ ಇದು?" ಎಂದ ಕರಣ್, ಡ್ಯಾಶ್‌ಬೋರ್ಡಿನ ಕೆಳಗಿನ ಸೆಟ್ಟನ್ನು ನೋಡಿ.

"ಕನೆಕ್ಟೆಡ್ ವೆಹಿಕಲ್ಸ್ ಬಗ್ಗೆ ನಂದೊಂದು ಸಣ್ಣ ರಿಸರ್ಚು ಸರ್. ಟ್ರಾಫಿಕ್ ಹೇಗಿದೆ, ಕೇಳಿಸ್ತೀನಿ ನೋಡಿ" ಎಂದು ಸುದರ್ಶನ್ ಸೆಟ್ಟಿನ ನಾಬ್ ತಿರುಗಿಸಿದ.

ಟ್ರಾಫಿಕ್ಕು ಬರಲಿಲ್ಲ. ಎಂಜಿನ್ನಿನ ಗುರುಗುಟ್ಟುವಿಕೆಯ ಮೇಲೆ, ಅಚ್ಚ ಕನ್ನಡದಲ್ಲಿ, ಶುಭಾ ಬಂದಳು.

"...ಇಲ್ಲ ಅಕ್ಕ, ಇನ್ನೂ ಎರಡು ಅಂಗಡಿಗೆ ಹಾಲು ಇಳಿಸ್ಬೇಕು. ಆಮೇಲೆ ಲಾರಿ ಯಾರ್ಡಲ್ಲಿ ಬಿಟ್ಟು, ಸೀರೆ ಉಟ್ಕೊಂಡು ಫಂಕ್ಷನ್ನಿಗೆ."

ಮೈಸೂರಿನಲ್ಲಿರುವ ಅಕ್ಕ ಮೀರಾಳ ಜೊತೆ ಅವಳು ಫೋನಿನಲ್ಲಿದ್ದಾಳೆ, ಮೈಕಿನ ಗುಂಡಿ ಒತ್ತಿಕೊಂಡೇ ಇದೆ ಎಂಬುದು ಸುದರ್ಶನ್‌ಗೆ ಹೊಳೆಯಿತು. ಅರಿಶಿನದ ದಾರ ಕಣ್ಣ ಮುಂದೆ ಬಂತು. ಮಾತು ಹೊರಗೆ ಹೋಗುತ್ತಿದೆಯೆಂದು ತೋರಿಸುವ ಕೆಂಪು ದೀಪ ಸೇವಂತಿಗೆಯ ಕೆಳಗೆ ಮುಚ್ಚಿಹೋಗಿದೆ. ಅವನು ತನ್ನ ಮೈಕು ಕಿತ್ತುಕೊಂಡು "ಶುಭಾ, ಶುಭಾ" ಎಂದು ಕೂಗಿದ. ಅವಳಿಗೆ ಕೇಳಿಸುವುದು ಸಾಧ್ಯವೇ ಇರಲಿಲ್ಲ. ಫೋನು ಮಾಡಿದ, ಬಿಜಿ. ಸೆಟ್ಟು ಆರಿಸಲು ಕೈ ಚಾಚಿದ.

"ಆಫ್ ಮಾಡ್ಬೇಡಿ" ಎಂದಳು ಮೈತ್ರೇಯಿ ಹಿಂದಿನಿಂದ. "ನಮ್ಮ ಶುಭಾ ಅಲ್ವಾ?"

ಅಧ್ಯಕ್ಷರ ಹೆಂಡತಿಯ ಮಾತು ಮೀರುವುದು ಹೇಗೆ. ಕೈ ಹಿಂದಕ್ಕೆ ಬಂತು.

"ಹೂಂ, ಅಲ್ಲಿ ನಾನು ಮ್ಯಾನೇಜರ್ರು" ಶುಭಾ ನಗುತ್ತಿದ್ದಳು. "ನಂಗೆ ಗೊತ್ತಿಲ್ದೆ ಏನಕ್ಕ. ಮೊನ್ನೆ ಯಾರೋ ನಿಮ್ಮ ಕೈಕೆಳಗೆ ಎಷ್ಟು ಜನ ಅಂತ ಕೇಳಿದ್ರು. ಕೈಕೆಳಗೆ ಒಂದು ಸ್ಟೇರಿಂಗ್ ಇದೆ ಅನ್ನೋಣ ಅನ್ನಿಸ್ತು. ಪಾಪ, ಅವ್ರ ಮುಖ ನೋಡಿ ಸುಮ್ನಾದೆ."

ಕರಣ್ ಸುದರ್ಶನನ ಕಡೆ ತಿರುಗಿ ನೋಡಿದ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುದರ್ಶನ್ ಕಾರಿನ ಕನ್ನಡಿ ಸರಿಮಾಡತೊಡಗಿದ. ಅಧ್ಯಕ್ಷನ ಕುರ್ಚಿ ಅವನ ಕಣ್ಣೆದುರೇ ಹಿಂದಕ್ಕೆ ಸರಿಯುತ್ತಿತ್ತು, ಹೆಂಡತಿಯ ಮೇಲೆ ಅವನಿಗೆ ಕೆಂಡದಂಥ ಕೋಪ ಬಂತು.

"ಕೋಪ ಅಲ್ಲ ಅಕ್ಕ" ಎಂದಳು ಶುಭಾ, ಈಗ ನಗದೆ. "ಆರು ವರ್ಷ ಮನೇಲಿ ಕೂತು ಕಿಟಕಿ ನೋಡ್ದೆ. ಅಳ್ತಿದ್ದೆ, ನಿಂಗೇ ಗೊತ್ತು. ಆಗ ನನ್ನ ಬಗ್ಗೆ ಹೇಳ್ಕೊಳ್ಳೋಕೆ ಅವ್ರಿಗೆ ನಾಚಿಕೆ ಆಗ್ಲಿಲ್ಲ. ಅದು ಮರ್ಯಾದೆ. ಈಗ ದುಡೀತಿದ್ದೀನಿ, ಖುಷಿಯಾಗಿದ್ದೀನಿ. ಇದು ಅವಮಾನ." ಇಂಡಿಕೇಟರಿನ ಟಿಕ್ ಟಿಕ್ ಕೇಳಿಸಿತು. "ಈ ರೇಡಿಯೋ ಹಾಕೋಕೆ ದಿನಾ ಸಂಜೆ ಲಾರಿ ಒಳಗೇ ಕೂತಿರ್ತಿದ್ರು. ನಂಗೆ ಎಷ್ಟು ಸಂತೋಷ ಆಗಿತ್ತು ಗೊತ್ತಾ? ಒಂದು ದಿನ ಓಡ್ಸೋವಾಗ ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ ಅಂದೆ. ಯಾರಾದ್ರೂ ನೋಡಿದ್ರೆ ಅಂದ್ರು."

ಧ್ವನಿ ಎಷ್ಟು ನಿಚ್ಚಳವಾಗಿತ್ತೆಂದರೆ ಅವಳು ಮೂಗೆಳೆದುಕೊಂಡದ್ದೂ ಕೇಳಿಸಿತು. ಆಂಟೆನಾ ಕೂರಿಸಿದ್ದು ಸುದರ್ಶನ್ ಅಲ್ಲವೇ, ಮಾಡಿದ್ದುಣ್ಣೋ ಮಹಾರಾಯ.

ಅಂಗಡಿ ಬಂದಿರಬೇಕು. ಎಂಜಿನ್ನಿನ ಸದ್ದು ತಗ್ಗಿತು, ಅಕ್ಕನಿಗೆ ಫೋನ್ ಇಡ್ತೀನಿ ಅಂದಳು. ಜಾಕೆಟ್ಟಿಗೆ ಕೈ ಹಾಕುವಾಗ ಮೈಕಿನ ದಾರ ಅವಳ ಕಣ್ಣಿಗೆ ಬಿತ್ತೆಂದು ಕಾಣುತ್ತದೆ. "ಅಯ್ಯೋ" ಎಂಬ ಒಂದು ಸಣ್ಣ ಮಾತು ಬಂದು, ಟಕ್ಕೆಂದು ಚಾನೆಲ್ ಖಾಲಿಯಾಯಿತು. ಕಾದು ಕೂತಿದ್ದ ಯಾರೋ ಡ್ರೈವರು ಸ್ವೀಡಿಷಿನಲ್ಲಿ, ನಿನ್ನ ಗುಂಡಿ ಸಿಕ್ಕಿಕೊಂಡಿತ್ತಮ್ಮ, ನಮಗೇನೂ ಅರ್ಥವಾಗಿಲ್ಲ, ಚಿಂತೆ ಬೇಡ ಎಂದ. ಶುಭಾ ನಕ್ಕು ಕ್ಷಮೆ ಕೇಳಿದಳು.

ಈಗ ಮಾತಾಡಬಹುದಿತ್ತು. ಮೈಕು ಸುದರ್ಶನನ ಕೈಯಲ್ಲೇ ಇತ್ತು. ಅವನು ಗಂಟಲು ಸರಿಮಾಡಿಕೊಂಡು, ಆಫೀಸಿನ ಮೀಟಿಂಗಿನ ಇಂಗ್ಲಿಷ್ ದನಿಯಲ್ಲಿ, "ರೇಡಿಯೋ ಚೆಕ್, ರೇಡಿಯೋ ಚೆಕ್" ಎಂದ.

"ರೀ, ನೀವಾ? ಚೆನ್ನಾಗಿ ಕೇಳಿಸ್ತಿದೆ" ಎಂದಳು ಶುಭಾ. ಆಮೇಲೆ, "ನಿಮಗೆ ಎಷ್ಟು ಹೊತ್ತಿಂದ ಕೇಳಿಸ್ತಿದೆ?"

ಎಲ್ಲಕ್ಕೂ ಉತ್ತರವಿದ್ದವನು ಮೈಕಿನ ತಂತಿಯ ಸುರುಳಿ ಬಿಡಿಸತೊಡಗಿದ. ಎರಡು ಸೀಟುಗಳ ನಡುವಿನಿಂದ ಬಳೆ ತೊಟ್ಟ ಕೈಯೊಂದು ಮುಂದೆ ಬಂದು ಮೈಕನ್ನು ಮೆತ್ತಗೆ ತೆಗೆದುಕೊಂಡಿತು.

"ಶುಭಾ, ನಾನು ಮೈತ್ರೇಯಿ. ನಾವು ಇವ್ರ ಕಾರಲ್ಲೇ ಇದ್ದೀವಿ. ಎಲ್ಲಾ ಕೇಳಿಸ್ತು." ಅವಳು ಇನ್ನಷ್ಟು ಮುಂದಕ್ಕೆ ಬಾಗಿದಳು. "ಆ ಕೋರ್ಸಿಗೆ ಸೇರೋಕೆ ಸ್ವೀಡಿಷ್ ಎಷ್ಟು ಬರ್ಬೇಕು?"

"ಮೈತ್ರೇಯಿ, ಆ ಮೈಕ್ ಕೊಡು ಅವ್ರಿಗೆ" ಎಂದ ಕರಣ್. ಅವನ ದನಿಯಲ್ಲಿ ಅಧ್ಯಕ್ಷಗಿರಿ ಉಳಿದಿರಲಿಲ್ಲ. ಅವಳು ಕೊಡಲಿಲ್ಲ. ಉತ್ತರಕ್ಕಾಗಿ ಗುಂಡಿಯಿಂದ ಬೆರಳು ತೆಗೆದಳು, ಅಷ್ಟೇ.

"ಮಾತಾಡೋಕೆ ಬಂದ್ರೆ ಸಾಕು, ಮಿಕ್ಕಿದ್ದು ಅವ್ರೇ ಕಲಿಸ್ತಾರೆ" ಎಂದಳು ಶುಭಾ. "ಸೋಮವಾರ ಬೆಳಿಗ್ಗೆ ಬರ್ತೀರಾ? ಒಂದು ರೌಂಡ್ ಹೋಗಿ ಬರೋಣ. ನನ್ನ ಪಕ್ಕದ ಸೀಟು ಖಾಲಿನೇ ಇರುತ್ತೆ."

"ಬರ್ತೀನಿ" ಎಂದಳು ಮೈತ್ರೇಯಿ.

ಸುದರ್ಶನ್ ಕಣ್ಣು ರಸ್ತೆಯ ಮೇಲಿಟ್ಟು ಕಾರು ಓಡಿಸಿದ. ಅವನಿಗೆ ನಾಚಿಕೆಯಾಗುತ್ತಿತ್ತು, ಲಾರಿಯ ಬಗ್ಗೆಯಲ್ಲ.